ಬೂದು ಗಿಳಿಗೆ ಮನೆ ನೋಡುವ ಮಾರೆಮ್ಮ

ಬೆಳಗಿನ ಐದೂವರೆ. ಸಿಂಧನೂರಿನ ಗಂಗಾವತಿ ರಸ್ತೆಯ ಹಿಂದಿನ ಓಣಿಯಲ್ಲಿ ಒಂದು ತಗಡಿನ ಶೆಡ್ಡು. ಮಾರೆಮ್ಮ ಬೀಗ ತೆಗೆದರೂ ಕೂಡಲೇ ಬಾಗಿಲು ನೂಕುವುದಿಲ್ಲ. ಹೊರಗೇ ನಿಂತು ಎರಡು ಸಲ ಕೆಮ್ಮುತ್ತಾರೆ, ಚಪ್ಪಲಿಯನ್ನು ನೆಲಕ್ಕೆ ಉಜ್ಜುತ್ತಾರೆ, ‘ನಾನ್ರೀ, ಮಾರೆವ್ವ’ ಎನ್ನುತ್ತಾರೆ. ಒಳಗಿನ ಪಂಜರಗಳಲ್ಲಿ ರೆಕ್ಕೆ ಕೊಡವುವ ಸದ್ದು ಎದ್ದು ಅಡಗಿದ ಮೇಲೆಯೇ ಅವರು ಒಳಗೆ ಕಾಲಿಡುವುದು. ‘ಕತ್ತಲದಾಗ ಒಮ್ಮೆಲೆ ನುಗ್ಗಿದ್ರ ಬೆದರತಾವ. ನಿಮ್ಮ ಮನಿಗೆ ಯಾರರ ಹಂಗ ನುಗ್ಗಿದ್ರ ಸುಮ್ಮನಿರತೀರೇನು?’

ಪಂಜರಗಳ ಮೇಲೆ ಹೊದಿಸಿದ ಹಳೆಯ ಸೀರೆಗಳನ್ನು ಒಂದೊಂದಾಗಿ ತೆಗೆದು ಮಡಚುತ್ತಾರೆ. ಲವ್ ಬರ್ಡ್ಸ್ ನಲವತ್ತರ ಮೇಲಿವೆ, ಪಾರಿವಾಳ ಹನ್ನೆರಡು. ಕೊನೆಯ ಗೋಡೆಗೆ ಮೂರು ದೊಡ್ಡ ಪಂಜರಗಳು, ಒಂದೊಂದರಲ್ಲಿ ಒಂದು ಆಫ್ರಿಕಾದ ಬೂದು ಗಿಳಿ. ವಿಭೂತಿ ಬಳಿದಂಥ ಮೈ, ಕಪ್ಪು ಕೊಕ್ಕು, ಬಾಲ ಮಾತ್ರ ಕುಂಕುಮದ ಕೆಂಪು. ಸೀರೆ ಸರಿದೊಡನೆ ಒಂದು ಗಿಳಿ ಗಂಡಸಿನ ದನಿಯಲ್ಲಿ, ‘ಹಾಂ, ಮೀಟಿಂಗಿನ್ಯಾಗ ಅದೀನಿ, ಆಮ್ಯಾಲ ಮಾಡತೀನಿ’ ಎನ್ನುತ್ತದೆ. ಮಾರೆಮ್ಮ ನಗುವುದಿಲ್ಲ. ‘ಅದರ ಮಾಲಕ ಮಂಚದ ಮ್ಯಾಲ ಮಲಕ್ಕೊಂಡ ಹಂಗ ಹೇಳತಿದ್ದ. ಹಕ್ಕಿಗೆ ಸುಳ್ಳು ಖರೆ ಏನ್ ಗೊತ್ತು, ಹೇಳಿದ್ದು ಹೇಳತೈತಿ.’

ಹಿಂದಿನ ಸಂಜೆ ನೆನೆಸಿ ಮೊಳಕೆ ಕಟ್ಟಿದ ಹೆಸರುಕಾಳು, ಸಣ್ಣಗೆ ಹೆಚ್ಚಿದ ಗಜ್ಜರಿ, ಎರಡು ಹಿಡಿ ನುಗ್ಗೆಸೊಪ್ಪು, ಬೂದು ಗಿಳಿಗಳಿಗೆ ತಲಾ ಅರ್ಧ ಹಸಿಮೆಣಸಿನಕಾಯಿ. ಹತ್ತೊಂಬತ್ತು ತಟ್ಟೆ ತೊಳೆಯುವುದು, ಹತ್ತೊಂಬತ್ತು ಬಟ್ಟಲಿಗೆ ನೀರು. ಆಮೇಲೆ ಕಸ. ಬೂದು ಗಿಳಿ ಮೈ ಕೊಡವಿದರೆ ಬಿಳಿ ಧೂಳು ಉದುರುತ್ತದೆ. ರೊಟ್ಟಿ ಬಡಿದ ಮೇಲೆ ಉಳಿಯುವ ಹಿಟ್ಟಿನ ಹಾಗೆ ಅದು ನೆಲ, ಗೋಡೆ, ಮಾರೆಮ್ಮನ ಹುಬ್ಬಿನ ಮೇಲೆಲ್ಲ ಕೂರುತ್ತದೆ. ಹನ್ನೊಂದು ವರ್ಷಗಳಿಂದ ಆ ಧೂಳು ಅವರ ಎದೆಯಲ್ಲೂ ಕೂತಿದೆ. ಬಾಗಿಲ ಹೊರಗಿನ ಕೆಮ್ಮು ಹಕ್ಕಿಗಳಿಗಾಗಿ ಕೆಮ್ಮಿದ್ದು ಮಾತ್ರವಲ್ಲ.

ಮಾರೆಮ್ಮನಿಗೆ ಈಗ ಐವತ್ತನಾಲ್ಕು. ಹುಟ್ಟಿದ್ದು ಮಸ್ಕಿ ಕಡೆಯ ಒಣಭೂಮಿಯ ಹಳ್ಳಿಯಲ್ಲಿ. ಎಂಟು ವರ್ಷದವರಿದ್ದಾಗಿಂದ ಜೋಳದ ಹೊಲದ ನಡುವೆ ಮಂಚಿಕೆಯ ಮೇಲೆ ಕೂತು ಕವಣೆ ಬೀಸಿ ಹಕ್ಕಿ ಓಡಿಸುತ್ತಿದ್ದರು. ತೆನೆ ಹಾಲುಗಟ್ಟಿದಾಗಿಂದ ಕೊಯ್ಲಿನವರೆಗೆ ದಿನವಿಡೀ ಅದೇ ಕೆಲಸ. ‘ಹಸರ ಗಿಳಿ ಹಿಂಡು ಬರೂದು ಕಣ್ಣಿಗೆ ಕಾಣೂಕಿಂತ ಮೊದಲ ಕಿವಿಗೆ ಗೊತ್ತಾಗತಿತ್ತು. ಯಾವ ಕಡಿಂದ, ಎಷ್ಟು, ಹಸದಾವೋ ಸುಮ್ಮನ ಹೊಂಟಾವೋ, ಎಲ್ಲಾ. ಅವಾಗ ಓಡಸಾಕ ಕಲತಿದ್ದು ಈಗ ಇಟಗೊಳ್ಳಾಕ ಬಂತು.’ ಮದುವೆಯಾಗಿ ಜವಳಗೇರಾಕ್ಕೆ ಬಂದರು. ಗಂಡ ಕನಕರಾಯ ಟ್ರ್ಯಾಕ್ಟರ್ ಓಡಿಸುತ್ತಾರೆ. ಇಪ್ಪತ್ತು ವರ್ಷ ಕಾಲುವೆ ನೀರಿನ ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಿದ ಬೆನ್ನು ಒಂದು ದಿನ ನೆಟ್ಟಗಾಗಲೇ ಇಲ್ಲ. ಬಗ್ಗುವ ಕೆಲಸ ಬೇಡವೆಂದು ಡಾಕ್ಟರು ಹೇಳಿದ ಮೇಲೆ, ಸಿಂಧನೂರಿನಲ್ಲಿ ಮೀನು, ಹಕ್ಕಿ ಮಾರುವ ದಾನಿಷ್ ಅವರ ಅಂಗಡಿಗೆ ಕಸ ಗುಡಿಸಲು ಸೇರಿದರು. ಕಸ ಗುಡಿಸುವುದೂ ಬಗ್ಗುವ ಕೆಲಸವೇ. ಅದನ್ನು ಡಾಕ್ಟರಿಗೆ ಅವರು ಹೇಳಿಲ್ಲ.

ದಾನಿಷ್ ವರ್ಷಕ್ಕೆ ಎರಡು ಮೂರು ಬೂದು ಗಿಳಿ ತರಿಸುತ್ತಾರೆ. ದುಬಾರಿ ಹಕ್ಕಿ. ಕೊಳ್ಳುವವರು ರೈಸ್ ಮಿಲ್ಲಿನವರು, ಬಟ್ಟೆ ವ್ಯಾಪಾರಿಗಳು, ಹೊಸ ಮನೆ ಕಟ್ಟಿಸಿದವರು. ಇದನ್ನು ಸಾಕುವವರು ಸರ್ಕಾರದಲ್ಲಿ ನೋಂದಣಿ ಮಾಡಿಸಬೇಕು; ಊರ ಮರದ ಹಸಿರು ಗಿಳಿಯನ್ನು ಪಂಜರಕ್ಕೆ ಹಾಕುವುದಂತೂ ಅಪರಾಧವೇ. ಕಾಗದಪತ್ರವನ್ನೆಲ್ಲ ದಾನಿಷ್ ನೋಡಿಕೊಳ್ಳುತ್ತಾರೆ. ಕಾಗದದಲ್ಲಿ ಬರೆಯಲಾಗದ್ದನ್ನು ಮಾರೆಮ್ಮ ನೋಡುತ್ತಾರೆ.

ಅದು ಶುರುವಾದದ್ದು ತುರ್ವಿಹಾಳದ ಒಂದು ಮನೆಯಿಂದ. ಕೊಟ್ಟ ಹಕ್ಕಿ ನಾಲ್ಕು ತಿಂಗಳಿಗೆ ಎದೆ, ತೊಡೆಯ ಪುಕ್ಕವೆಲ್ಲ ಕಿತ್ತುಕೊಂಡು, ಸುಲಿದ ಕೋಳಿಯಂತಾಗಿ ವಾಪಸು ಬಂತು. ದಾನಿಷ್ ರೋಗ ಎಂದರು. ಮಾರೆಮ್ಮ ಯಾರಿಗೂ ಹೇಳದೆ ಬಸ್ಸು ಹತ್ತಿ ಆ ಮನೆಗೆ ಹೋದರು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಬೀಗ. ಹಕ್ಕಿಗೆ ಬೇಜಾರಾಗಬಾರದೆಂದು ಟೀವಿ ಹಚ್ಚಿಟ್ಟು ಹೋಗುತ್ತಿದ್ದರು. ‘ಅದು ಮಾತಾಡಿದ್ರ ಟೀವಿ ತಿರುಗಿ ಮಾತಾಡತೈತೇನು? ನೂರು ಸರತಿ ಕರದಿರತೈತಿ, ಒಬ್ಬರೂ ಓ ಅಂದಿರಂಗಿಲ್ಲ. ಆಮ್ಯಾಲ ತನ್ನ ಮೈ ತಾನ ತಿನ್ನಾಕ ಹತ್ತೈತಿ. ರೋಗ ಹಕ್ಕೀದಲ್ಲ ದಾನಿಷಪ್ಪ, ಮನೀದು ಅಂದೆ.’

‘ಮಾರೆವ್ವ ಹೇಳಿದ್ದಕ್ಕ ಮೊದಲ ನನಗ ಸಿಟ್ಟು ಬಂತು’ ಎಂದು ದಾನಿಷ್ ಒಪ್ಪಿಕೊಳ್ಳುತ್ತಾರೆ. ‘ಕಸಾ ಹೊಡಿಯಾಕಿ ಗಿರಾಕಿ ಮನಿಗೆ ಹೋಗಿ ಪಂಚಾಯ್ತಿ ಮಾಡತಾಳ ಅಂತ. ಇನ್ನೊಂದು ಹಕ್ಕಿ ಹಂಗ ಮೈ ಕಿತ್ತಗೊಂಡು ಸತ್ತಮ್ಯಾಲ ಬುದ್ಧಿ ಬಂತ್ರೀ.’ ಅಂದಿನಿಂದ ಬೂದು ಗಿಳಿ ಕೇಳಿಕೊಂಡು ಬಂದವರ ಮನೆಗೆ ಮೊದಲು ಮಾರೆಮ್ಮ ಹೋಗಿ ಕೂರಬೇಕು. ಅವರು ‘ಕೊಡಬೌದು’ ಎಂದರೆ ಹಕ್ಕಿ. ‘ಬ್ಯಾಡ’ ಎಂದರೆ ಇಲ್ಲ. ಇದುವರೆಗೆ ಅರವತ್ತಮೂರು ಮನೆ. ಹೂಂ ಎಂದದ್ದು ಹತ್ತೊಂಬತ್ತಕ್ಕೆ.

ಕೂರುವುದೆಂದರೆ ಬರೀ ಕೂರುವುದು. ಬೆಳಿಗ್ಗೆ ಹತ್ತಕ್ಕೆ ಹೋಗಿ ದೀಪ ಹಚ್ಚುವ ಹೊತ್ತಿನವರೆಗೆ ಆ ಮನೆಯಲ್ಲಿ ಇರುವುದು. ಮೊದಲ ಗಂಟೆ ಮನೆಯವರು ಸೆಟೆದುಕೊಂಡು ಮಾತಾಡುತ್ತಾರೆ, ಚಹಾ ಕೊಡುತ್ತಾರೆ. ಎರಡನೆಯ ಗಂಟೆಗೆ ಮರೆಯುತ್ತಾರೆ. ಆಮೇಲೆ ಮನೆ ತನ್ನ ಸಹಜ ದನಿಗೆ ಇಳಿಯುತ್ತದೆ. ಯಾರು ಯಾರನ್ನು ಹೆಸರು ಹಿಡಿದು ಕರೆಯುತ್ತಾರೆ, ಯಾರು ಕರೆದರೆ ಯಾರೂ ಓಗೊಡುವುದಿಲ್ಲ, ಕುಕ್ಕರಿನ ಸೀಟಿ ಎಷ್ಟು, ಒಗ್ಗರಣೆಯ ಘಾಟು ಯಾವ ಕೋಣೆಯವರೆಗೆ ಬರುತ್ತದೆ, ಲೋಬಾನವೋ ಊದುಬತ್ತಿಯೋ ಎಷ್ಟು ಹೊತ್ತು ಉರಿಯುತ್ತದೆ ಎಂಬುದನ್ನೆಲ್ಲ ಅವರು ಕಣ್ಣು ಅರ್ಧ ಮುಚ್ಚಿ ಕೇಳಿಸಿಕೊಳ್ಳುತ್ತಾರೆ. ಶ್ರಾವಣದಲ್ಲಿ ಮಠದ ಪಡಸಾಲೆಯಲ್ಲಿ ಕಂಬಕ್ಕೆ ಆತು ಪುರಾಣ ಕೇಳುವ ಹಿರಿಯರು ಹೀಗೆಯೇ ಕೂರುತ್ತಾರೆ.

ಗೊರೇಬಾಳದ ಒಂದು ಹೊಸ ಮನೆಯಲ್ಲಿ ಹಾಗೆ ಕೂತಿದ್ದಾಗ ಆ ಮನೆಯ ಮುದುಕಿಗೆ ತಾಳ್ಮೆ ತಪ್ಪಿತು. ‘ಏನಬೇ, ಕನ್ಯಾ ನೋಡಾಕ ಬಂದವರಂಗ ಕುಂತೀಯಲ್ಲ? ಉಪ್ಪಿಟ್ಟು ಮಾಡಸಲೇನು?’

‘ಕನ್ಯಾ ಆದ್ರ ಒಲ್ಲೆ ಅಂತ ತವರಿಗೆ ಹೋಗತಾಳ ಯವ್ವ. ಇದು ಎಲ್ಲಿಗೆ ಹೋಗಬೇಕು?’ ಎಂದರಂತೆ ಮಾರೆಮ್ಮ. ಆ ಮನೆಗೆ ಬೇಡವೆಂದರು. ಹಾಲ್‌ನಲ್ಲಿ ಸೋಫಾದ ಬಣ್ಣಕ್ಕೆ ಹೊಂದುತ್ತದೆಂದು ಕೇಳಿದ್ದರು. ಅವರು ಹಟ ಹಿಡಿದು ಬೇರೆ ಊರಿನಿಂದ ತರಿಸಿದರು. ಒಂದು ಭಾನುವಾರ ನಾನ್‌ಸ್ಟಿಕ್ ತವಾ ಒಲೆಯ ಮೇಲೆ ಖಾಲಿ ಕಾದು ಹೊಗೆಯಾಡಿತು; ಆ ಹೊಗೆ ಹಕ್ಕಿಗೆ ವಿಷ. ಮನುಷ್ಯರಿಗೆ ಏನೂ ಆಗಲಿಲ್ಲ, ದೋಸೆ ತಿಂದು ಕೈ ತೊಳೆಯುವಷ್ಟರಲ್ಲಿ ಹಕ್ಕಿ ಪಂಜರದ ತಳದಲ್ಲಿ ಬಿದ್ದಿತ್ತು. ಇದನ್ನು ಹೇಳುವಾಗ ಮಾರೆಮ್ಮನ ದನಿಯಲ್ಲಿ ಗೆದ್ದ ಭಾವ ಎಳ್ಳಷ್ಟೂ ಇಲ್ಲ. ‘ಯಾವ ತವಾ ಅಂತ ಕೇಳೂದು ಅವತ್ತಿಂದ ಕಲತೆ.’

ಕೆಲವು ಮನೆಗಳಲ್ಲಿ ಅವರನ್ನು ಒಳಗೆ ಕರೆಯುವುದಿಲ್ಲ. ಅಂಗಳದಲ್ಲೇ ಒಂದು ಗೋಣಿಚೀಲ ಹಾಸಿಕೊಡುತ್ತಾರೆ. ಅದರ ಬಗ್ಗೆ ಅವರು ಜಗಳ ಮಾಡುವುದಿಲ್ಲ. ‘ಹಕ್ಕಿ ಒಳಗಿರೂದು, ನಾ ಹೊರಗ ಕುಂತ್ರ ಮನಿ ಹ್ಯಾಂಗ ಕೇಳಸತೈತಿ? ನೀರು ಕುಡದು ಎದ್ದು ಬರತೀನಿ. ದಾನಿಷಪ್ಪಗ ಬ್ಯಾಡ ಅಂತೀನಿ. ಯಾಕಂತ ಅವನೂ ಕೇಳಂಗಿಲ್ಲ.’

ಅವರು ಕೇಳುವ ಮಾತುಗಳು ಯಾವ ಪುಸ್ತಕದವೂ ಅಲ್ಲ. ದಿನಕ್ಕೆ ಎರಡು ಮೂರು ತಾಸು ಪಂಜರದ ಹೊರಗೆ ಬಿಟ್ಟು ಜೊತೆಗಿರುವವರು ಯಾರು? ಸಂಜೆ ಏಳಕ್ಕೆ ಕತ್ತಲು ಮಾಡಿ ಮಲಗಿಸುವ ಕೋಣೆ ಇದೆಯೇ? ಉಬ್ಬಸದವರು ಯಾರಾದರೂ ಇದ್ದಾರೆಯೇ? ಒಬ್ಬರನ್ನೇ ಹಚ್ಚಿಕೊಂಡು ಉಳಿದವರ ಬೆರಳು ಕಚ್ಚಿದರೆ ಬಯ್ಯದೆ ಇರಬಲ್ಲಿರಾ? ಚಹಾದಲ್ಲಿ ಅದ್ದಿದ ಬಿಸ್ಕೀಟು ಕೊಡುವ ಅಜ್ಜ ಇದ್ದಾರೆಯೇ? ಕೊನೆಯದಾಗಿ ವಯಸ್ಸಿನ ಮಾತು. ‘ನಲವತ್ತು ಐವತ್ತು ವರ್ಷ ಬದುಕತೈತ್ರೀ ಇದು. ನಲವತ್ತರ ಗಂಡಸು ತಗೊಂಡ ಅಂದ್ರ, ಅವ ಹೋದಮ್ಯಾಲ ಯಾರು ಅಂತ ಕೇಳಬೇಕಾಕೈತಿ. ಕೇಳಿದ್ರ ಅಪಶಕುನದ ಮುದಿಕಿ ಅಂತಾರ.’ ಹಕ್ಕಿಯ ಕಾಯಿಲೆ ಬಲ್ಲ ಡಾಕ್ಟರು ಹತ್ತಿರದಲ್ಲಿ ಅವರಿಗೆ ಯಾರೂ ಗೊತ್ತಿಲ್ಲ. ‘ಹೈದರಾಬಾದಿಗೆ ಹೋಗತೀರೇನು, ಅದನ್ನ ಕೇಳತೀನಿ. ಹೋಗತೀವಿ ಅಂತಾರ. ದನಿ ಹೋಗಂಗಿಲ್ಲ ಅಂತಿರತೈತಿ.’

ಇಷ್ಟೆಲ್ಲ ಕೇಳಿದ ಮೇಲೂ ಒಂದು ಮನೆ ಅವರ ನಿದ್ದೆಗೆಡಿಸಿದೆ. ಮಸ್ಕಿಯ ಬಟ್ಟೆ ವ್ಯಾಪಾರಿ ಅಮರಗುಂಡಪ್ಪನವರ ಮನೆ.

ನಾಲ್ಕು ವರ್ಷದ ಹಿಂದೆ ಆ ಮನೆಗೆ ‘ಕೊಡಬೌದು’ ಎಂದವರು ಮಾರೆಮ್ಮನೇ. ಅಮರಗುಂಡಪ್ಪ, ಹೆಂಡತಿ ಕಲ್ಯಾಣಮ್ಮ, ಕಾಲೇಜು ಮುಗಿಸಿ ಮನೆಯಲ್ಲಿದ್ದ ಒಬ್ಬಳೇ ಮಗಳು ಶಿವಗಂಗಾ. ಹಕ್ಕಿ ಬೇಕೆಂದವಳು ಅವಳು. ‘ಅಂಥ ಮನಿ ನಾ ಮತ್ತ ನೋಡಿಲ್ರೀ. ಮೂರ ಮಂದಿ, ಮೂವತ್ತು ಮಂದಿ ಮಾತು. ಆ ಹುಡುಗಿ ಪಡಸಾಲ್ಯಾಗ ಕುಂತು ಅಡಗಿ ಮನ್ಯಾಗಿದ್ದ ತಾಯಿ ಜೋಡಿ ಜಗಳಾಡತಿದ್ಲು, ಅಲ್ಲಿಂದ ಅಕಿ ನಗತಿದ್ಲು.’ ಮೊದಲ ದಿನವೇ, ಮೈಬಣ್ಣ ನೋಡಿ, ಶಿವಗಂಗಾ ಹಕ್ಕಿಗೆ ಮುತ್ತ್ಯಾ ಎಂದು ಹೆಸರಿಟ್ಟಳು. ಈ ಕಡೆ ಅಜ್ಜನಿಗೆ ಮುತ್ತ್ಯಾ ಎನ್ನುತ್ತಾರೆ. ಆರು ತಿಂಗಳಿಗೆ ಮುತ್ತ್ಯಾ ಅವಳ ದನಿ ಹಿಡಿಯಿತು. ಅಂಗಡಿಗೆ ಹೊರಟ ಅಪ್ಪನಿಗೆ ದಿನವೂ ಅವಳು ಹೇಳುತ್ತಿದ್ದ ಮಾತನ್ನು ಅವಳಿಗಿಂತ ಮೊದಲೇ ಹೇಳತೊಡಗಿತು: ‘ಯಪ್ಪಾ, ಕೀಲಿ ತಗೊಂಡ್ಯಾ?’

ಕಳೆದ ವರ್ಷ ಶಿವಗಂಗಾಗೆ ಜ್ವರ ಬಂತು. ಆರನೆಯ ದಿನ ಹೋಗಿಬಿಟ್ಟಳು. ಇಪ್ಪತ್ತಾರು ವರ್ಷ.

ಈ ಭಾಗದಲ್ಲಿ ಸಾವಿನ ಮನೆಗೆ ಹೆಂಗಸರು ಗುಂಪಾಗಿ ಬಂದು, ತಾಯಿಯ ಕೊರಳು ತಬ್ಬಿ, ಮಾತು ಕಟ್ಟಿ ಅಳುತ್ತಾರೆ. ಹೋದವರ ಗುಣಗಳನ್ನು ಒಂದೊಂದಾಗಿ ಎತ್ತಿ ಹಾಡಿನಂತೆ ಎಳೆದು ಅಳುವುದು. ಮಣ್ಣಾದ ದಿನದಿಂದ ತಿಂಗಳು ಕಳೆದರೂ ಹೊಸ ಹೊಸ ಬಳಗ ಬರುತ್ತಲೇ ಇತ್ತು. ಬಂದವರೊಂದಿಗೆ ಕಲ್ಯಾಣಮ್ಮ ಮತ್ತೆ ಮೊದಲಿನಿಂದ ಅಳಬೇಕು. ಪಡಸಾಲೆಯಲ್ಲೇ ಅಳು, ಪಡಸಾಲೆಯಲ್ಲೇ ಪಂಜರ. ಅದನ್ನು ಒಳಗೆ ಇಡಬೇಕೆಂದು ಯಾರಿಗೆ ಹೊಳೆಯಬೇಕು? ಆ ದಿನಗಳಲ್ಲಿ ಮುತ್ತ್ಯಾ ತುಟಿಪಿಟಕ್ಕೆನ್ನಲಿಲ್ಲ. ಅದಕ್ಕೂ ದುಃಖವೆಂದು ಎಲ್ಲರೂ ಕನಿಕರಿಸಿದರು. ಬಳಗ ಬರುವುದು ನಿಂತು, ಕಲ್ಯಾಣಮ್ಮನ ಕಣ್ಣೀರು ಬತ್ತಿ, ಮನೆ ಶಾಂತವಾದ ಒಂದು ಸಂಜೆ ಹಕ್ಕಿ ಬಾಯಿ ತೆರೆಯಿತು. ಕಲ್ಯಾಣಮ್ಮನದೇ ದನಿ, ಅದೇ ರಾಗ, ನಡುವೆ ಉಸಿರು ಸಿಕ್ಕಿಕೊಳ್ಳುವುದೂ ಹಾಗೆಯೇ:

‘ಎಲ್ಲಿಗ್ಹ್ವಾದಿ ನನ ಮಗಳ, ಎದ್ದು ಬಾರ ಒಳಗ… ಹೊಸಲಿಗಿ ನೀರ ಹಾಕವರ್ಯಾರ, ಹೊತ್ತ ಮುಳಗಿತ ಬಾರ…’

ಅಂದಿನಿಂದ ಪ್ರತಿ ಸಂಜೆ, ಒಂದೊಂದು ಸಲ ಅರ್ಧ ತಾಸು. ಅಮರಗುಂಡಪ್ಪ ತಡೆಯಲಾರದೆ ಲಿಂಗಸುಗೂರಿನಲ್ಲಿರುವ ತಮ್ಮ ಸಂಗನಬಸವನ ಮನೆಗೆ ಹಕ್ಕಿಯನ್ನು ಕೊಟ್ಟು ಕಳಿಸಿದರು. ನಾಲ್ಕನೆಯ ದಿನಕ್ಕೆ ಪಂಜರ ಜೀಪಿನಲ್ಲಿ ವಾಪಸು. ‘ಮುತ್ತೈದೇರಿರೋ ಮನಿ. ದೀಪ ಹಚ್ಚೋ ಹೊತ್ತಿನ್ಯಾಗ ಹೆಣದ ಮುಂದಿನ ಅಳು ಅಂದ್ರ ಹ್ಯಾಂಗಪ್ಪ ಅಣ್ಣಾ’ ಎಂದು ಸಂಗನಬಸವ ಕೈ ಮುಗಿದರಂತೆ. ಹಕ್ಕಿ ಹೋದ ಮೇಲೆ ಆ ಮನೆಯವರು ರುದ್ರಾಭಿಷೇಕ ಮಾಡಿಸಿದರು. ಅವರನ್ನು ತಪ್ಪೆನ್ನಲಾಗದು. ಅಳುವ ಹಕ್ಕಿಯನ್ನು ಯಾವ ಮನೆ ಇಟ್ಟುಕೊಳ್ಳುತ್ತದೆ?

ಕೊನೆಗೆ ಮಾರೆಮ್ಮನಿಗೆ ಫೋನು ಬಂತು. ಒಂದೇ ದಿನ ಎರಡು. ಬೆಳಿಗ್ಗೆ ಅಮರಗುಂಡಪ್ಪನವರದು, ಬಂದು ಒಯ್ಯಿ ಎಂದು. ಮಧ್ಯಾಹ್ನ ಕಲ್ಯಾಣಮ್ಮನದು, ಒಯ್ಯಬೇಡ ಎಂದು.

ಮರುದಿನ ಮಸ್ಕಿಯ ಬಸ್ಸಿಳಿದು ಮನೆ ಮುಟ್ಟಿದಾಗ ಹತ್ತೂ ಮುಕ್ಕಾಲು. ಅಮರಗುಂಡಪ್ಪ ಅಂಗಡಿಗೆ ಹೋಗದೆ ಕಾದಿದ್ದಾರೆ. ‘ಬಾ ಮಾರೆವ್ವ. ಪಂಜರಕ್ಕ ಹಗ್ಗ ಕಟ್ಟಿಸೀನಿ. ತಗೊಂಡು ಹೋಗಿಬಿಡು.’

‘ಯಾರನ್ನ ಕೇಳಿ ಕಟ್ಟಸೀರಿ?’ ಒಳಗಿನಿಂದ ಕಲ್ಯಾಣಮ್ಮನ ದನಿ.

‘ಹಗ್ಗ ಇರಲಿ ಸಾವ್ಕಾರ್ರ’ ಎನ್ನುತ್ತಾರೆ ಮಾರೆಮ್ಮ. ‘ನಾ ಮೊದಲ ಕುಂದ್ರತೀನಿ.’

ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕೂರುತ್ತಾರೆ. ಎದುರಿಗೆ ಮುತ್ತ್ಯಾ. ಎದೆಯ ಮೇಲೆ ಅಂಗೈಯಗಲ ಪುಕ್ಕವಿಲ್ಲ. ಬರೀ ಚರ್ಮ, ಅಲ್ಲಲ್ಲಿ ರಕ್ತ ಕಟ್ಟಿದ ಚುಕ್ಕೆ. ಮನೆಯಲ್ಲಿ ಗಡಿಯಾರ ಕೇಳುತ್ತದೆ, ಫ್ರಿಜ್ ಕೇಳುತ್ತದೆ. ತಾವು ಕೂತಲ್ಲಿಂದ ಸಂಜೆಯವರೆಗೆ ಗಂಡ ಹೆಂಡತಿಯ ನಡುವೆ ಆದ ಮಾತುಗಳನ್ನು ಮಾರೆಮ್ಮ ಆಮೇಲೆ ಬೆರಳು ಮಡಚಿ ಎಣಿಸಿ ತೋರಿಸಿದರು: ‘ಊಟಕ್ಕ ಬರ್ರಿ.’ ‘ಸಾಕು.’ ‘ಮಜ್ಜಿಗಿ?’ ‘ಬ್ಯಾಡ.’ ನಾಲ್ಕೇ. ಮಗಳ ಹೆಸರು ಇಬ್ಬರ ಬಾಯಲ್ಲೂ ಒಮ್ಮೆಯೂ ಬರಲಿಲ್ಲ.

ಊಟದ ನಂತರ ಅಮರಗುಂಡಪ್ಪ ಅಡ್ಡಾದಾಗ ಕಲ್ಯಾಣಮ್ಮ ಬಂದು ಮಾರೆಮ್ಮನ ಪಕ್ಕದಲ್ಲಿ, ನೆಲದ ಮೇಲೇ ಕೂತರು. ‘ಅದರ ಹೊಟ್ಟ್ಯಾಗ ಅಕಿ ದನಿ ಐತಿ, ಮಾರೆವ್ವ. ವರ್ಷಗಟ್ಲೆ ಕೇಳೀವಿ, ಎಲ್ಲಿಗೆ ಹೋಗತೈತಿ? ದಿನಾ ಸಂಜಿಗೆ ಮುಂದ ಬಂದು ಕುಂದ್ರತೀನಿ. ಒಂದ ಮಾತು ಅಕೀದು ಬರಲಿ ಅಂತ ಕಾಯತೀನಿ. ಬರತೈತಿ, ನಂದ ಬರತೈತಿ. ನನ್ನ ಅಳು ನಾನ ಕೇಳಿ ಎದ್ದು ಹೋಗತೀನಿ.’

‘ಸಾವ್ಕಾರ್ರಿಗೆ ಹೇಳೀರೇನು?’

‘ಅವರಿಗೆ ಏನ್ ಹೇಳಲಿ? ಕಳಿಸಿಬಿಡು ಅಂತಾರ. ಮುಂಜಾನಿ ಅಂಗಡಿಗೆ ಹೋಗೂ ಮುಂದ ಇದರ ಮುಂದ ನಿಂತು ಕೀಲಿ ಗೊಂಚಲ ಅಲ್ಲಾಡಸತಾರ. ನಾ ಒಳಗ ಅದೀನಿ ಅಂತ ತಿಳಕೊಂಡಿರತಾರ. ಅಲ್ಲಾಡಿಸಿ ನಿಂದರತಾರ. ಅದು ಸುಮ್ಮನ ನೋಡತೈತಿ. ಹೋಗತಾರ.’

ಹೊತ್ತು ಮುಳುಗಿತು. ಕಲ್ಯಾಣಮ್ಮ ದೇವರ ಮುಂದೆ ದೀಪ ಹಚ್ಚಿ, ಹಣೆಗೆ ವಿಭೂತಿ ಇಟ್ಟುಕೊಂಡು ಪಂಜರದ ಮುಂದೆ ಬಂದು ಕೂತರು. ಅಮರಗುಂಡಪ್ಪ ಎದ್ದು ಬೀದಿಗಿಳಿದು ಹೋದರು. ಮುತ್ತ್ಯಾ ತಲೆ ಓರೆ ಮಾಡಿ ಕಲ್ಯಾಣಮ್ಮನ ಮುಖ ನೋಡಿತು. ಆಮೇಲೆ ಅಳತೊಡಗಿತು. ಕೇಳಲಾರದ ಅಳು ಅದು. ಕೇಳದೆ ಎದ್ದು ಹೋಗಲೂ ಆಗದು. ಪದಗಳಷ್ಟೂ ಇದ್ದವು, ಕಣ್ಣೀರು ಮಾತ್ರ ಇರಲಿಲ್ಲ.

ಅದು ನಿಂತ ಮೇಲೆ ಮಾರೆಮ್ಮ ಹೇಳಿದರು, ‘ಅಮ್ಮಾರ, ಈ ಮನಿ ಈಗ ಇದಕ್ಕ ಆಗಂಗಿಲ್ಲ.’

‘ನನಗ ಬೇಕವ್ವ ಅದು.’

‘ನಿಮಗ ಬೇಕು, ಖರೆ. ಅದಕ್ಕ ಸುಖ ಇದ್ದಿದ್ರ ಮೈ ಕಿತ್ತಗೊಳ್ಳತಿದ್ದಿಲ್ಲ. ಅಕಿ ದನಿ ಅದರಾಗ ಇಲ್ಲ ಅನ್ನಂಗಿಲ್ಲ ನಾ. ಇರಬೌದು. ಆದ್ರ ನಿಮ್ಮ ಮಾರಿ ನೋಡಿದಕೂಡ್ಲೆ ಅದಕ್ಕ ನಿಮ್ಮ ಅಳು ನೆನಪಾಗತೈತಿ. ನೀವು ಎಷ್ಟು ದಿನ ಕಾಯತೀರಿ, ಅಷ್ಟು ದಿನ ಅದು ಅಳತೈತಿ. ಇಬ್ರೂ ಸಾಯತೀರಿ.’

ಕಲ್ಯಾಣಮ್ಮ ಬೈದಾರು ಎಂದುಕೊಂಡಿದ್ದರಂತೆ ಮಾರೆಮ್ಮ. ಬೈಯಲಿಲ್ಲ. ಎದ್ದು, ಗಂಡ ಬೆಳಿಗ್ಗೆ ಕಟ್ಟಿಸಿದ ಹಗ್ಗ ಸಡಿಲವಾಗಿದ್ದನ್ನು ತಾವೇ ಬಿಗಿದರು. ‘ಒಂದ ವ್ಯಾಳೆ ಅದು ಅಕಿ ಮಾತು ಅಂತಂದ್ರ ಫೋನ್ ಮಾಡತೀಯೇನು?’

‘ಮಾಡತೀನ್ರೀ ಯವ್ವ.’

‘ನಡರಾತ್ರಿ ಆದ್ರೂ?’

‘ನಡರಾತ್ರಿ ಆದ್ರೂ.’

ಬಸ್ ನಿಲ್ದಾಣದವರೆಗೆ ಪಂಜರ ಹೊತ್ತವರು ಅಮರಗುಂಡಪ್ಪ. ಆಳನ್ನು ಕರೆಯಲಿಲ್ಲ, ಆಟೋ ಮಾಡಲಿಲ್ಲ. ದಾರಿಯಲ್ಲಿ ಕಂಡವರು ‘ಏನ್ರೀ ಸಾವ್ಕಾರ್ರ’ ಎಂದರೆ ತಲೆಯಾಡಿಸಿದರು, ಅಷ್ಟೆ. ಸಿಂಧನೂರಿನ ಬಸ್ಸಿನ ಹಿಂದಿನ ಸೀಟಿನಲ್ಲಿ ಪಂಜರ ಇಟ್ಟು ಕೆಳಗಿಳಿದು ಕಿಟಕಿಯ ಬಳಿ ನಿಂತರು. ಕೈ ಜೇಬಿಗೆ ಹೋಯಿತು. ಕೀಲಿಗೊಂಚಲು ಅರ್ಧ ಹೊರಬಂತು. ಕಂಡಕ್ಟರ್ ಸೀಟಿ ಹೊಡೆದ. ಅದನ್ನು ಮತ್ತೆ ಜೇಬಿಗೆ ಹಾಕಿಕೊಂಡರು.

ಬಸ್ಸಿನಲ್ಲಿ ಮಾರೆಮ್ಮ ಸೆರಗನ್ನು ಪಂಜರದ ಮೇಲೆ ಹೊದಿಸಿ ಕೂತಿದ್ದರು. ಹಕ್ಕಿ ಕತ್ತಲಲ್ಲಿ ಸುಮ್ಮನಿತ್ತು. ‘ನಾನ ಹೂಂ ಅಂದಿದ್ದು ಈ ಮನಿಗೆ’ ಎಂದರು ಬಹಳ ದೂರ ಹೋದ ಮೇಲೆ. ‘ತಪ್ಪು ಅಂದಿದ್ದಿಲ್ಲ. ಅವತ್ತು ಆ ಮನಿ ಹಂಗ ಇತ್ತು. ಮನಿ ನಾಳೆ ಹ್ಯಾಂಗಿರತೈತಿ ಅಂತ ಯಾರ ದನಿಯಾಗ ಕೇಳಬೇಕು?’

ಇದಾಗಿ ಹದಿನೇಳು ದಿನ. ಮುತ್ತ್ಯಾ ಈಗ ಸಿಂಧನೂರಿನ ಶೆಡ್ಡಿನಲ್ಲಿದೆ, ಕೊನೆಯ ಗೋಡೆಯ ಮೂರು ಬೂದು ಗಿಳಿಗಳಿಂದ ದೂರ, ಬಾಗಿಲ ಪಕ್ಕದ ಪಂಜರದಲ್ಲಿ. ಅವು ಅಳು ಕಲಿಯಬಾರದಲ್ಲ. ಮೊದಲ ವಾರ ಅದು ಸರಿಯಾಗಿ ತಿನ್ನಲಿಲ್ಲ. ಮಾರೆಮ್ಮ ದಾಳಿಂಬೆಯ ಕಾಳನ್ನು ಬೆರಳ ತುದಿಯಲ್ಲಿ ಹಿಡಿದು ತಾಸುಗಟ್ಟಲೆ ನಿಂತರು. ಬೆರಳಿಗೆ ಮೂರು ಕಡೆ ಕಚ್ಚಿದ ಗಾಯ. ಈಗ ದಿನಕ್ಕೆ ಒಂದು ಹಿಡಿ ಮೊಳಕೆಕಾಳು ತಿನ್ನುತ್ತದೆ. ಎದೆಯ ಚರ್ಮದ ಮೇಲೆ ಮುಳ್ಳಿನಂಥ ಹೊಸ ಪುಕ್ಕ ನಾಲ್ಕೈದು ಕಾಣುತ್ತಿವೆ. ಅವನ್ನೂ ಕಿತ್ತುಕೊಳ್ಳುತ್ತದೋ ಬಿಡುತ್ತದೋ ತಿಳಿಯದು. ಮಗಳ ಮಾತು ಬಂದಿಲ್ಲ. ಕಲ್ಯಾಣಮ್ಮ ಎರಡು ಸಲ ಫೋನು ಮಾಡಿದ್ದರು. ಇಲ್ಲವೆಂದು ಹೇಳುವುದು ಮಾರೆಮ್ಮನ ಕೆಲಸವಾಗಿದೆ. ದಾನಿಷ್ ಈ ಹಕ್ಕಿಯನ್ನು ಮಾರಾಟಕ್ಕಿಟ್ಟಿಲ್ಲ. ಇಟ್ಟರೂ ಕೊಳ್ಳುವವರಿಲ್ಲ.

ಸಂಜೆ ಆರೂವರೆ. ಮಾರೆಮ್ಮ ಪಂಜರಗಳಿಗೆ ಸೀರೆ ಹೊದಿಸುತ್ತಾ ಬರುತ್ತಾರೆ. ಮುತ್ತ್ಯಾನ ಬಳಿ ಬಂದಾಗ ಅದು ತಲೆ ಓರೆ ಮಾಡಿ ಶುರು ಮಾಡುತ್ತದೆ: ‘ಎಲ್ಲಿಗ್ಹ್ವಾದಿ ನನ ಮಗಳ…’ ಪಕ್ಕದ ಗ್ಯಾರೇಜಿನ ಉಸ್ಮಾನ್‌ಸಾಬ್ ಸ್ಪ್ಯಾನರ್ ಕೆಳಗಿಟ್ಟು, ‘ಬಂದ್ಲು ನೋಡವ್ವ ನಿನ್ನ ಗೆಳತಿ’ ಎನ್ನುತ್ತಾರೆ. ಮಾರೆಮ್ಮ ಸೀರೆ ಮುಚ್ಚುವುದಿಲ್ಲ, ಗದರಿಸುವುದಿಲ್ಲ. ಪಂಜರದ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಾರೆ, ಆ ಬೆನ್ನಿಗೆ ಆಗದಿದ್ದರೂ. ಅದು ಅತ್ತು ಉಸಿರು ಎಳೆದುಕೊಂಡ ಕ್ಷಣಕ್ಕೆ, ಹೊಲದ ಆಚೆ ದಂಡೆಗೆ ಕೇಳುವಂಥ ದನಿಯಲ್ಲಿ ಹೇಳುತ್ತಾರೆ, ‘ಸಾಕು ಏಳವ್ವ. ಏಳು, ಮಾರಿ ತೊಳಕೋ.’ ಹಕ್ಕಿ ಮತ್ತೆ ಅಳುತ್ತದೆ. ಅವರು ಮತ್ತೆ ಹೇಳುತ್ತಾರೆ.

ಹದಿನೇಳು ಸಂಜೆಯಿಂದ ಇದೇ ನಡೆದಿದೆ. ಯಾಕೆಂದು ಕೇಳಿದರೆ ಮಾರೆಮ್ಮ ಬೂದಿಧೂಳು ಹತ್ತಿದ ಹುಬ್ಬನ್ನು ಸೆರಗಿನಿಂದ ಒರೆಸಿಕೊಳ್ಳುತ್ತಾರೆ.

‘ಅಳೂ ಮನ್ಯಾಗ ಒಬ್ಬಾಕಿ ಹಿರೇ ಹೆಣಮಗಳು ಇರತಾಳ್ರೀ. ಎಲ್ಲಾರೂ ಅತ್ತಮ್ಯಾಲ ತಾಯಿ ಗದ್ದ ಹಿಡದು, ಸಾಕು ಏಳವ್ವ ಅಂತಾಳ. ಅವಾಗ ಅಳು ನಿಂದರತೈತಿ. ಅಳೂದು ಜೋರಲೆ ಅಳತಾರ, ಸಾಕು ಅನ್ನೂದು ಕಿವ್ಯಾಗ ಅಂತಾರ. ಹಕ್ಕಿಗೆ ಜೋರಂದ ಕೇಳಸೇತಿ, ಸಣ್ಣಂದು ಕೇಳಸಿಲ್ಲ. ಅದಕ್ಕ ನಾ ಅದನ್ನ ಜೋರಲೆ ಹೇಳತೀನಿ. ಒಂದಿನ ಅದು ಅತ್ತು, ತಾನ ಸಾಕು ಏಳವ್ವ ಅಂದ್ರ, ಅವತ್ತ ಬಸ್ ಹತ್ತಿಸಿ ಮಸ್ಕಿಗೆ ಒಂದ ಸಂಜಿ ಒಯ್ಯತೀನಿ. ಆ ಮನ್ಯಾಗ ಈಗ ಹಂಗ ಅನ್ನವರು ಯಾರೂ ಇಲ್ಲ.’